ನೆತ್ತಿಯ ಮೇಲಿನ ಹೊರೆ, ಹಿಂದೆ ಬರುವವರ ಜೀವ



ಮಳೆಗಾಲ ಹಿಂದೆ ಸರಿದು ಆಕಾಶ ತಿಳಿಯಾಗುತ್ತಿದ್ದಂತೆ ಘಟ್ಟದ ರಸ್ತೆಗಳಲ್ಲಿ ವಾಹನಗಳ ಸಾಲು ಬೆಳೆಯುತ್ತದೆ. ನಗರಗಳಿಂದ ಬರುವ ಕಾರುಗಳ ನೆತ್ತಿಯ ಮೇಲೆ ಗೇರ್ ಸೈಕಲ್ಲು, ಡೇರೆ, ಚೀಲಗಳು. ನಮ್ಮೂರಿನ ಜೀಪುಗಳ ಕ್ಯಾರಿಯರ್ ಮೇಲೆ ಅಡಿಕೆ ಮೂಟೆ, ಹಾಸಿಗೆ, ಟ್ರಂಕು, ಪೇಟೆಗೆ ರಿಪೇರಿಗೆ ಹೊರಟ ವಿದ್ಯಾರ್ಥಿಯ ಸೈಕಲ್ಲು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚತೊಡಗಿದ ಮೇಲೆ ಏರಿಳಿತದ ನಮ್ಮ ಹಳ್ಳಿಗಳಲ್ಲೂ ಅದು ಅಪರೂಪದ ವಸ್ತುವಾಗಿ ಉಳಿಯಲಿಲ್ಲ. ಹೊರೆ ಯಾರದೇ ಆಗಿರಲಿ, ಇಳಿಯುವ ಹಾದಿ ಒಂದೇ. ಕಟ್ಟು ಸಡಿಲವಾದರೆ ಪೆಟ್ಟು ಬೀಳುವುದು ಹೊರೆಯ ಒಡೆಯನಿಗಲ್ಲ; ಹಿಂದೆ ಬರುತ್ತಿರುವ ದ್ವಿಚಕ್ರ ಸವಾರನಿಗೆ, ರಸ್ತೆಯಂಚಿನಲ್ಲಿ ಶಾಲೆಗೆ ನಡೆಯುವ ಮಗುವಿಗೆ, ಮೇಯಲು ಹೊರಟ ದನಕ್ಕೆ.

ಹೊರೆ ಕಟ್ಟುವ ವಿದ್ಯೆ ಮಲೆನಾಡಿಗೆ ಹೊಸದಲ್ಲ. ಸೊಪ್ಪಿನ ಹೊರೆಯನ್ನು ತಲೆಯ ಮೇಲೆ, ಹುಲ್ಲನ್ನು ಎತ್ತಿನ ಗಾಡಿಯ ಮೇಲೆ ಸಾಗಿಸಿದ ಹಿರಿಯರಿಗೆ ಎಲ್ಲಿ ಬಿಗಿಯಬೇಕು, ಎಲ್ಲಿ ಸಮತೋಲ ತಪ್ಪುತ್ತದೆ ಎಂಬುದು ಕೈಯಲ್ಲೇ ತಿಳಿದಿತ್ತು. ಆದರೆ ಎತ್ತಿನ ಗಾಡಿಯ ನಡಿಗೆಗೆ ಸಾಕಾಗುತ್ತಿದ್ದ ಕಟ್ಟು ಇಂದಿನ ವೇಗಕ್ಕೆ ಸಾಲದು. ಈ ವ್ಯತ್ಯಾಸವನ್ನು ಲೆಕ್ಕದಲ್ಲಿ ನೋಡೋಣ. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವಾಗ ಹೊರೆಯು ತನ್ನ ತೂಕದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿನ ಬಲದಿಂದ ಪಕ್ಕಕ್ಕೆ ಜಗ್ಗುತ್ತದೆ. ತಲಾ 20 ಕಿಲೋ ತೂಗುವ ಮೂರು ಸೈಕಲ್‌ಗಳಿದ್ದರೆ ಅದು ಸುಮಾರು 21 ಕಿಲೋ ಭಾರದ ಸೆಳೆತ. ವೇಗ 40ಕ್ಕೇರಿದರೆ ಅದೇ ಸೆಳೆತ 38 ಕಿಲೋ ಮುಟ್ಟುತ್ತದೆ. ಆಗುಂಬೆ ಘಾಟಿಯಲ್ಲಿ ಇಂತಹ ಹೇರ್‌ಪಿನ್ ತಿರುವುಗಳು 14. ಪ್ರತಿ ತಿರುವಿನಲ್ಲೂ ಹಗ್ಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಸಿಕೊಳ್ಳುತ್ತದೆ. ಬಯಲಿನ ಹೆದ್ದಾರಿಯಲ್ಲಿ ಗಾಳಿಯದೂ ಇದೇ ಬಗೆ: ವೇಗ 40ರಿಂದ 80 ಆದರೆ ಗಾಳಿಯ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಯುರೋಪಿನ ಸರಕು ಸಾಗಣೆಯ ಮಾನದಂಡವು ಹೊರೆಯ ತೂಕದ ಶೇ. 80ರಷ್ಟು ಬಲವನ್ನು ಮುಂದಕ್ಕೂ, ಶೇ. 50ರಷ್ಟನ್ನು ಪಕ್ಕಕ್ಕೂ ಹಿಂದಕ್ಕೂ ತಡೆಯುವಂತೆ ಕಟ್ಟಬೇಕೆನ್ನುತ್ತದೆ. ಮುಂದಕ್ಕೆ ಹೆಚ್ಚೇಕೆ? ಬ್ರೇಕ್ ಒತ್ತಿದಾಗ ವಾಹನ ನಿಲ್ಲುತ್ತದೆ, ಹೊರೆ ನಿಲ್ಲಲೊಲ್ಲದು.

ಹಾಗಾದರೆ ಕಟ್ಟುವುದು ಹೇಗೆ? ಮೊದಲನೆಯದಾಗಿ, ನೆತ್ತಿಗೆ ಎಷ್ಟು ಭಾರ ಹೊರಿಸಬಹುದೆಂಬುದು ವಾಹನದ ಕೈಪಿಡಿಯಲ್ಲಿರುತ್ತದೆ; ಕ್ಯಾರಿಯರ್‌ನ ತೂಕವೂ ಅದರಲ್ಲಿ ಸೇರುತ್ತದೆ. ಭಾರವಾದ ವಸ್ತುಗಳು ವಾಹನದೊಳಗೆ ಕೆಳಗಿರಲಿ. ಹಗುರವಾದವು ಮಾತ್ರ ಮೇಲೇರಲಿ. ಮೇಲಿನ ಭಾರ ಹೆಚ್ಚಿದಷ್ಟೂ ವಾಹನ ತಿರುವಿನಲ್ಲಿ ಹೆಚ್ಚು ವಾಲುತ್ತದೆ.

ಸೈಕಲ್ಲನ್ನು ನಿಲ್ಲಿಸಿ ಕಟ್ಟುವ ಕ್ಯಾರಿಯರ್ ಆದರೆ ಎರಡೂ ಚಕ್ರಗಳ ಜೊತೆಗೆ ಚೌಕಟ್ಟನ್ನೂ ಬಿಗಿಯಬೇಕು. ಜೀಪಿನ ಸಾದಾ ಕ್ಯಾರಿಯರ್ ಮೇಲೆ ಮಲಗಿಸುವುದಾದರೆ ಚೈನಿನ ಭಾಗ ಮೇಲಿರಲಿ, ಅಡಿಗೆ ಗೋಣಿಯ ಮೆತ್ತೆ ಇರಲಿ. ಮುಂದಿನ ಚಕ್ರ, ಹಿಂದಿನ ಚಕ್ರ, ಹ್ಯಾಂಡಲ್ಲಿನ ಬುಡ, ಸೀಟಿನ ಕೆಳಗಿನ ಕೊಳವೆ, ಈ ನಾಲ್ಕೂ ಕಡೆ ಪ್ರತ್ಯೇಕ ಕಟ್ಟು ಬೇಕು. ಹಗ್ಗದ ತುದಿ ಕ್ಯಾರಿಯರ್‌ನ ಕಂಬಿಗೇ ಸೇರಬೇಕು, ಪಕ್ಕದ ಚೀಲಕ್ಕಲ್ಲ. ಪಂಪು, ಬಾಟಲಿ, ಬೀಗಗಳನ್ನು ಕಳಚಿ ಒಳಗಿಡಬೇಕು.

ಹಳೆಯ ಸೈಕಲ್ ಟ್ಯೂಬು ನಮಗೆಲ್ಲ ಪ್ರಿಯ. ಆದರೆ ಅದು ಹಿಗ್ಗುವ ವಸ್ತು. ಸಹಾಯಕ್ಕೆ ಸರಿ, ಮುಖ್ಯ ಕಟ್ಟಿಗಲ್ಲ. ನೈಲಾನ್ ಹಗ್ಗ ನೆನೆದರೆ ಉದ್ದವಾಗಿ ಸಡಿಲಗೊಳ್ಳುತ್ತದೆ. ಬಿಸಿಲಿಗೆ ಒಣಗಿ ಎಳೆ ಬಿಟ್ಟ ಪ್ಲಾಸ್ಟಿಕ್ ಹಗ್ಗವನ್ನು ನಂಬಲೇಬಾರದು. ಬಿಗಿಯುವ ಹಲ್ಲಿರುವ ಪಾಲಿಯೆಸ್ಟರ್ ಬೆಲ್ಟು ಇವೆಲ್ಲಕ್ಕಿಂತ ಮೇಲು. ಟಾರ್ಪಾಲಿನ ಅಂಚು ಗಾಳಿಗೆ ಬಡಿಯದಂತೆ ಮಡಚಿ ಕಟ್ಟಬೇಕು. ಹೊರಟ ಐದಾರು ಕಿ.ಮೀ. ಬಳಿಕ ಒಮ್ಮೆ, ಘಾಟಿ ಇಳಿಯುವ ಮುನ್ನ ಇನ್ನೊಮ್ಮೆ ಕಟ್ಟನ್ನು ಪರೀಕ್ಷಿಸಬೇಕು. ಈ ತಪಾಸಣೆ ಊರಿನ ಬಯಲಲ್ಲೇ ಮುಗಿಯಲಿ. ಬಂಡೀಪುರದಂತಹ ಹುಲಿ ಸಂರಕ್ಷಿತ ಪ್ರದೇಶದ ರಸ್ತೆಯಲ್ಲಿ ನಿಲ್ಲಿಸಿ ಇಳಿಯುವುದಕ್ಕೇ ನಿಷೇಧವಿದೆ.

ಇದನ್ನೆಲ್ಲ ಪರಿಸರದ ಪತ್ರಿಕೆ ಏಕೆ ಬರೆಯಬೇಕು ಎಂದು ಯಾರಾದರೂ ಕೇಳಬಹುದು. ಘಟ್ಟದ ಇಳಿಜಾರಿನಲ್ಲಿ ಗಾಳಿಗೆ ಹಾರಿದ ಟಾರ್ಪಾಲು, ತುಂಡಾದ ಹಗ್ಗ, ಜಾರಿದ ತಿಂಡಿಯ ಚೀಲ ಎಲ್ಲಿಗೆ ಹೋಗುತ್ತವೆ? ಮಳೆ ಬಂದಾಗ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ತಿಂಡಿಯ ವಾಸನೆಗೆ ಮಂಗಗಳು ರಸ್ತೆಗಿಳಿಯುತ್ತವೆ, ಗಾಲಿಗೆ ಸಿಕ್ಕು ಸಾಯುತ್ತವೆ. ಇಂಧನದ ಮಾತೂ ಇದೆ. ಅಮೆರಿಕ ಸರ್ಕಾರದ ಇಂಧನ ಮಾಹಿತಿಯಂತೆ ನೆತ್ತಿಯ ಮೇಲಿನ ದೊಡ್ಡ ಪೆಟ್ಟಿಗೆಯೊಂದು ಹೆದ್ದಾರಿಯಲ್ಲಿ ಮೈಲೇಜನ್ನು ಶೇ. 6ರಿಂದ 17ರಷ್ಟು ತಗ್ಗಿಸುತ್ತದೆ. ಪ್ರವಾಸ ಮುಗಿದ ಮೇಲೆ ಖಾಲಿ ಕ್ಯಾರಿಯರ್ ಕಳಚಿಡುವುದೂ ಪರಿಸರದ ಕೆಲಸವೇ.

ಕಾನೂನಿನ ಅರಿವೂ ಇರಲಿ. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮು ವಾಹನದ ನೆತ್ತಿಯ ಮೇಲೆ ಜನರ ಪ್ರಯಾಣವನ್ನು ನಿಷೇಧಿಸುತ್ತದೆ. ಹೊರೆ ಹಿಡಿದುಕೊಳ್ಳಲೆಂದು ಹುಡುಗನೊಬ್ಬನನ್ನು ಮೇಲೆ ಕೂರಿಸುವ ರೂಢಿ ಇನ್ನಾದರೂ ನಿಲ್ಲಬೇಕು. 2019ರ ತಿದ್ದುಪಡಿಯ ಪ್ರಕಾರ ಮಿತಿ ಮೀರಿ ಹೊರಚಾಚಿದ ಹೊರೆಗೆ 20,000 ರೂಪಾಯಿ ದಂಡವಿದೆ. ಆದರೆ ಪೊಲೀಸರು ಪ್ರತಿ ತಿರುವಿನಲ್ಲೂ ನಿಂತಿರುವುದಿಲ್ಲ. ಅಲ್ಲಿ ಕಾಯಬೇಕಾದುದು ನಮ್ಮ ವಿವೇಕ.

ವಿದ್ಯಾರ್ಥಿ ಮಿತ್ರರು ಮನೆಯ ಹಿರಿಯರಿಂದ ಗಂಟು ಹಾಕುವುದನ್ನು ಕಲಿಯಲಿ; ವೇಗದ ಲೆಕ್ಕವನ್ನು ಅವರಿಗೆ ತಿಳಿಸಲಿ. ಪ್ರವಾಸಿಗಳ ಕಾರಿನ ಮೇಲೆ ಸಡಿಲ ಹೊರೆ ಕಂಡರೆ ಸಂಕೋಚವಿಲ್ಲದೆ ನಿಲ್ಲಿಸಿ ಹೇಳೋಣ. ನಮ್ಮ ಜೀಪಿನ ಚಾಲಕರಿಗೂ ಅಷ್ಟೇ ಸ್ಪಷ್ಟವಾಗಿ ಹೇಳೋಣ. ಪರೀಕ್ಷೆ ಬಹು ಸರಳ. ಕಟ್ಟಿದ ಸೈಕಲ್ಲನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸಿ ನೋಡಿ. ಇಡೀ ವಾಹನವೇ ಅಲುಗಿದರೆ ಹೊರಡಬಹುದು. ಸೈಕಲ್ಲೊಂದೇ ಅಲುಗಿದರೆ ಹಗ್ಗ ಬಿಚ್ಚಿ ಮತ್ತೆ ಕಟ್ಟಿ.