ಹೆಡ್‌ಲೈಟು ಬಾಲ್ಕನಿ ನೋಡಿದಾಗ

ಹೋದ ತಿಂಗಳು ಕದಿರೇನಹಳ್ಳಿ ಕ್ರಾಸ್ ಹತ್ತಿರ ಎಡಕ್ಕೆ ತಿರುಗುವಾಗ ನಮ್ಮ ಬೈಕು ತಿರುಗಬೇಕಾದಷ್ಟು ತಿರುಗಲಿಲ್ಲ. ಮುಂದಿನ ಚಕ್ರವನ್ನು ಯಾರೋ ನೆಲದಿಂದ ಎತ್ತಿ ಹಿಡಿದ ಹಾಗೆ ಹ್ಯಾಂಡಲ್ ಹಗುರವಾಗಿತ್ತು. ಎದುರಿಗೆ ನೀರಿನ ಟ್ಯಾಂಕರ್. ಹೇಗೋ ಬ್ರೇಕ್ ಹಾಕಿ ನಿಲ್ಲಿಸಿದೆ, ಏನೂ ಆಗಲಿಲ್ಲ. ಆದರೆ ಹಿಂದೆ ಕೂತಿದ್ದ ನನ್ನಾಕೆ ತರಕಾರಿ ಚೀಲ ಹಿಡಿದು ಇಳಿದವಳೇ, "ನಿಮಗೆ ಎಪ್ಪತ್ತಮೂರಾಯ್ತು ರೀ. ಇನ್ಮೇಲೆ ನಾನು ಆಟೋದಲ್ಲೇ ಬರ್ತೀನಿ" ಎಂದು ಹೊರಟುಬಿಟ್ಟಳು.

ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಬೈಕಿನದೋ, ವಯಸ್ಸಿನದೋ? ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಅದು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಸಮಾಧಾನವಿಲ್ಲ. ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಟೈರಿನ ಗಾಳಿ ಸರಿಯಿದೆ, ಕೋನ್ ಸೆಟ್ ಸರಿಯಿದೆ ಎಂದು ಹೇಳಿ, "ನಿಧಾನವಾಗಿ ಓಡಿಸಿ ಸಾರ್" ಎಂದು ಬುದ್ಧಿ ಹೇಳಿ ಕಳಿಸಿದರು.

ಉತ್ತರ ಸಿಕ್ಕಿದ್ದು ಅಮೆರಿಕದಿಂದ. ಮಿನೆಸೋಟಾದಲ್ಲಿರುವ ಅಳಿಯ ಈ ಚಳಿಗಾಲ ಒಂದು ಹಳೆಯ ಸ್ನೋಮೊಬೈಲ್ ಕೊಂಡಿದ್ದಾರೆ. ಮಕ್ಕಳೇ, ಅದು ಹಿಮದ ಮೇಲೆ ಓಡುವ ಸ್ಕೂಟರ್. ಮುಂದೆ ಚಕ್ರದ ಬದಲು ಎರಡು ಸ್ಕೀ ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ. ಪಟ್ಟಿ ತಳ್ಳುತ್ತದೆ, ಸ್ಕೀಗಳು ದಾರಿ ತೋರಿಸುತ್ತವೆ. ಭಾನುವಾರ ಫೋನಿನಲ್ಲಿ ಅವರು, "ಹ್ಯಾಂಡಲ್ ತಿರುಗಿಸಿದ್ರೂ ನೆಟ್ಟಗೇ ಹೋಗ್ತಿತ್ತು ಮಾವ, ಸ್ಕೀ ಹಿಮ ಕಚ್ತಾನೇ ಇರಲಿಲ್ಲ. ಸಸ್ಪೆನ್ಷನ್ ಸರಿ ಮಾಡಿದೆ, ಈಗ ಹೇಳಿದಂತೆ ಕೇಳುತ್ತೆ" ಎಂದರು. ನನ್ನ ಕಿವಿ ನೆಟ್ಟಗಾಯಿತು.

ಇಂಜಿನ್ ಬಿಟ್ಟು ಸ್ಪ್ರಿಂಗ್ ಯಾಕೆ ಮುಟ್ಟಿದಿರಿ ಎಂದು ಕೇಳಿದೆ. ಆ ರಬ್ಬರ್ ಪಟ್ಟಿಯ ಒಳಗೆ ಮುಂದೊಂದು, ಹಿಂದೊಂದು ಶಾಕ್ ಅಬ್ಸಾರ್ಬರ್ ಇರುತ್ತವಂತೆ. ಮುಂದಿನದರ ಸ್ಪ್ರಿಂಗನ್ನು ಸ್ವಲ್ಪ ಸಡಿಲಿಸಿದರೆ ಅದು ಹೊರುತ್ತಿದ್ದ ತೂಕದ ಒಂದು ಪಾಲು ಸ್ಕೀಗಳ ಮೇಲೆ ಬೀಳುತ್ತದೆ. ಹಿಂದಿನದು ತೀರಾ ಮೆತ್ತಗಿದ್ದರೆ ಗಾಡಿ ಹಿಂದಕ್ಕೆ ಕುಕ್ಕರಿಸಿ ಸ್ಕೀ ಎದ್ದುಬಿಡುತ್ತದೆ. ನನಗೆ ಇದು ಡೆಬಿಟ್-ಕ್ರೆಡಿಟ್ ಹಾಗೆಯೇ ಕಂಡಿತು. ಒಟ್ಟು ತೂಕ ಅಷ್ಟೇ, ಯಾವ ಖಾತೆಗೆ ಎಷ್ಟು ಎಂಬುದಷ್ಟೇ ಬದಲು. ಹಾಗೆಂದು ಎಲ್ಲವನ್ನೂ ಸ್ಕೀಗಳ ಮೇಲೆ ಹೇರಿದರೆ ಹ್ಯಾಂಡಲ್ ಭಾರವಾಗಿ, ಹಿಂದಿನ ಗಾಡಿಗಳು ಕೊರೆದ ಗೀರುಗಳೆಲ್ಲ ಅದನ್ನು ಆ ಕಡೆ ಈ ಕಡೆ ಎಳೆಯುತ್ತವೆ.

ಈ ಗಾಡಿಯ ಹಿಂದೆ ಒಂದು ದುಃಖದ ಕಥೆಯೂ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಕಾಯಿಲೆಯಾಯಿತು. ರಸ್ತೆಯ ತುಂಬ ಹಿಮ, ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಗಾಡಿ ಮಾಡುವ ಹುಚ್ಚು ಅವನಿಗೆ ಹುಡುಗನಾಗಿದ್ದಾಗಿನಿಂದಲೂ ಇತ್ತು. ಆಮೇಲೆ ಅವನು ಬಿಡಲೇ ಇಲ್ಲ. ಏಳು ಜನ ಕೂರುವ ಗಾಡಿ ಮೊದಲು ಬಂತು. ಒಬ್ಬಿಬ್ಬರು ಕೂರುವ ಸ್ಕೀ-ಡೂ ಬಂದಿದ್ದು 1959ರಲ್ಲಿ.

ಸರಿ, ಪದ್ಮನಾಭನಗರಕ್ಕೆ ಬರೋಣ. ಅಂದೇ ರಾತ್ರಿ ಮೊಮ್ಮಗನನ್ನು ಗೇಟಿನ ಹತ್ತಿರ ನಿಲ್ಲಿಸಿ, ಬೈಕಿನ ಮೇಲೆ ಒಬ್ಬನೇ ಕೂತು ಹೆಡ್‌ಲೈಟ್ ಹಾಕಿದೆ. ಬೆಳಕು ಎದುರುಮನೆ ಕಾಂಪೌಂಡಿನ ಮೇಲೆ ಬಿತ್ತು. ಆಮೇಲೆ ನನ್ನಾಕೆಯನ್ನು ಕೈಮುಗಿದು ಕರೆದು, "ಓಡಿಸಲ್ಲ ಮಾರಾಯ್ತಿ, ಸುಮ್ಮನೆ ಕೂತ್ಕೋ" ಎಂದು ಕೂರಿಸಿದೆ. ಬೆಳಕು ಅವರ ಬಾಲ್ಕನಿಯಲ್ಲಿ ಒಣಹಾಕಿದ್ದ ಪಂಚೆಗೆ ಏರಿತು! ಮೊಮ್ಮಗ ಅಜ್ಜಿಯ ಹೊಲಿಗೆ ಟೇಪಿನಿಂದ ಸೀಟಿಗೂ ಹಿಂದಿನ ಚಕ್ರದ ನಟ್ಟಿಗೂ ನಡುವಿನ ಅಂತರ ಅಳೆದ. ಸ್ಟ್ಯಾಂಡ್ ಹಾಕಿ ಚಕ್ರ ಎತ್ತಿ ನಿಲ್ಲಿಸಿದ್ದಕ್ಕಿಂತ, ನಾವಿಬ್ಬರೂ ಕೂತಾಗ ಆರೂವರೆ ಸೆಂಟಿಮೀಟರ್ ಕುಸಿದಿತ್ತು.

ನಮ್ಮ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಮೆಟ್ಟಿಲಿನಂತೆ ಐದು ಹಲ್ಲುಗಳ ಒಂದು ಬಳೆಯಿದೆ. ಇಷ್ಟು ವರ್ಷ ಅದು ಅಲಂಕಾರಕ್ಕೆ ಎಂದುಕೊಂಡಿದ್ದೆ. ಜೆ.ಸಿ. ರಸ್ತೆಯಿಂದ ಒಂದು ಸಿ ಸ್ಪ್ಯಾನರ್ ತಂದು, ಇಂಜಿನ್ ತಣ್ಣಗಿದ್ದಾಗ, ಎರಡನೇ ಹಲ್ಲಿನಲ್ಲಿದ್ದುದನ್ನು ನಾಲ್ಕಕ್ಕೆ ತಿರುಗಿಸಿದೆ. ಎರಡೂ ಕಡೆ ಒಂದೇ ಹಲ್ಲಿಗಿರಬೇಕು, ಅದು ಮುಖ್ಯ. ಮತ್ತೆ ಅಳೆದರೆ ಕುಸಿತ ಐದು ಸೆಂಟಿಮೀಟರ್. ಬೆಳಕು ಪಂಚೆ ಬಿಟ್ಟು ಕೆಳಗಿಳಿಯಿತು. ಸ್ನೋಮೊಬೈಲಿನ ಹಾಗೆ ಇಲ್ಲಿ ತೂಕ ಹೆಚ್ಚೇನೂ ಮುಂದಕ್ಕೆ ಹೋಗುವುದಿಲ್ಲ. ಹಿಂಭಾಗ ಏಳುವುದರಿಂದ ಮುಂದಿನ ಫೋರ್ಕಿನ ಓರೆ ಕಡಿಮೆಯಾಗಿ ಬೈಕು ಬೇಗ ತಿರುಗುತ್ತದೆ. ಒಬ್ಬನೇ ಹೋಗುವಾಗ ಮಾತ್ರ ಎರಡಕ್ಕೇ ಇಳಿಸುತ್ತೇನೆ, ಇಲ್ಲದಿದ್ದರೆ ಹಂಪ್ ಹಂಪಿಗೂ ಸೊಂಟ ನೆನಪಿಸುತ್ತದೆ.

ಮರುದಿನ ಬೆಳಿಗ್ಗೆ, ಐವತ್ತು ಕೇಜಿ ಅಕ್ಕಿ ಮೂಟೆಯನ್ನು ಹಿಂದಿನ ಸೀಟಿಗೆ ಬಿಗಿದು ಅದೇ ತಿರುವಿಗೆ ಒಬ್ಬನೇ ಹೋದೆ. ನೋಡಿದವರು ನಗಲಿ. ಹ್ಯಾಂಡಲಿಗೆ ಹಿಡಿತ ಬಂದಿತ್ತು.

ವಯಸ್ಸಿನ ಪಾಲೇ ಇಲ್ಲ ಎನ್ನಲಾರೆ. ಕತ್ತಲಾದ ಮೇಲೆ ಬೈಕ್ ತೆಗೆಯುವುದನ್ನು ಬಿಟ್ಟಿದ್ದೇನೆ, ಅದು ಕಣ್ಣಿನ ಲೆಕ್ಕ.

ನನ್ನಾಕೆ ಮೂರು ವಾರ ಆಟೋದಲ್ಲೇ ಓಡಾಡಿದಳು. ಹೋದ ಭಾನುವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿ ಗುಡಿಗೆ ಹೊರಟಾಗ ಒಂದು ಆಟೋನೂ ಸಿಗಲಿಲ್ಲ. ಸ್ವಲ್ಪ ಹೊತ್ತು ಗೇಟಿನಲ್ಲಿ ನಿಂತಿದ್ದು, ಮೊಮ್ಮಗನನ್ನು ಕರೆದಳು. "ಎಷ್ಟನೇ ಹಲ್ಲಿನಲ್ಲಿದೆ ನೋಡೋ."

"ನಾಲ್ಕು, ಅಜ್ಜಿ."

"ಎರಡೂ ಕಡೆ?"

ಅವನು ಬಗ್ಗಿ ಆ ಕಡೆಯದನ್ನೂ ನೋಡಿ ಹೂಂ ಎಂದ ಮೇಲೆಯೇ ಹತ್ತಿ ಕೂತಳು.