ರಂಗದೀಪ ವಿಚಾರ

ಈಚೆಗೆ ನಮ್ಮ ಕರಾವಳಿಯ ಊರುಗಳಲ್ಲಿ ರಂಗಮಂದಿರಗಳು ಏಳುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವುಗಳಿಗೆ ಎಲ್.ಇ.ಡಿ. ದೀಪಗಳನ್ನು ಕೊಳ್ಳುವಲ್ಲಿ ಸಮಿತಿಗಳವರು ಅನುಸರಿಸುತ್ತಿರುವ ಕ್ರಮವು ವಿಚಾರದ ಮುಂದೆ ನಿಲ್ಲತಕ್ಕುದಲ್ಲ. ‘ಎಷ್ಟು ವಾಟಿನದು?’ ಎಂಬುದೊಂದೇ ಅವರ ಪ್ರಶ್ನೆ. 200 ವಾಟಿನದಕ್ಕಿಂತ 400 ವಾಟಿನದು ಶ್ರೇಷ್ಠವೆಂದೂ, ಕಣ್ಣು ಕೋರೈಸಿದರೆ ರಂಗವು ಬೆಳಗಿತೆಂದೂ ಇವರ ಮತ. ಈ ಮತದ ಖಂಡನೆಯೇ ಪ್ರಕೃತ ಲೇಖನದ ಉದ್ದೇಶ.

ರಂಗದಲ್ಲಿ ದೀಪವಿರುವುದು ದೀಪವನ್ನು ನೋಡುವುದಕ್ಕಲ್ಲ, ನಟನ ಮುಖವನ್ನು ನೋಡುವುದಕ್ಕೆ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಭರತಮುನಿಯು ಮನುಷ್ಯರ ನಾಟ್ಯಗೃಹವು 64 ಹಸ್ತ ಉದ್ದ, 32 ಹಸ್ತ ಅಗಲವಿದ್ದರೆ ಸಾಕೆನ್ನುತ್ತಾನೆ. ಅದಕ್ಕಿಂತ ದೊಡ್ಡದಾದರೆ ಮಾತು ಸ್ಫುಟವಾಗಿ ಕೇಳಿಸದು, ಮುಖದ ಭಾವವೂ ದೃಷ್ಟಿಭೇದಗಳೂ ಕಾಣಿಸವು ಎಂಬುದು ಅವನು ಕೊಡುವ ಕಾರಣ. ಕಟ್ಟಡವನ್ನೇ ಮುಖಭಾವಕ್ಕಾಗಿ ಅಳೆದವರ ವಂಶದವರಾದ ನಾವು ದೀಪವನ್ನು ಮಾತ್ರ ವಿದ್ಯುತ್ತಿನ ಲೆಕ್ಕದಿಂದ ಅಳೆಯುವುದು ಯುಕ್ತವೆ?

ವಾಟೆಂಬುದು ದೀಪವು ಉಣ್ಣುವ ವಿದ್ಯುತ್ತಿನ ಅಳತೆ. ಅದು ನೀಡುವ ಬೆಳಕಿನ ಅಳತೆಯಲ್ಲ. ದೀಪದಿಂದ ಹೊರಡುವ ಬೆಳಕನ್ನು ಲ್ಯೂಮೆನ್ನಿನಿಂದಲೂ, ನಟನ ಮೇಲೆ ಬೀಳುವುದನ್ನು ಲಕ್ಸ್‌ನಿಂದಲೂ ಎಣಿಸುವರು. 20 ಅಡಿ ದೂರದಿಂದ 20 ಡಿಗ್ರಿ ಕೋನದ ದೀಪವು ಸುಮಾರು 7 ಅಡಿ ಅಗಲದ ವೃತ್ತವನ್ನು ಬೆಳಗುತ್ತದೆ; 40 ಡಿಗ್ರಿಯದು ಸುಮಾರು 14½ ಅಡಿಯದನ್ನು. ಅದೇ ಬೆಳಕು ನಾಲ್ಕು ಪಟ್ಟಿಗೂ ಮಿಕ್ಕ ಜಾಗಕ್ಕೆ ಹಂಚಿಹೋಗುವುದರಿಂದ ಮುಖಕ್ಕೆ ದಕ್ಕುವುದು ಕಾಲುಭಾಗಕ್ಕಿಂತ ಕಡಮೆ. ಹೀಗಿರಲು, ಕೋನವನ್ನು ಕೇಳದೆ ವಾಟನ್ನು ಕೇಳುವುದು ಬಾವಿಯ ಆಳವನ್ನು ಬಿಟ್ಟು ಹಗ್ಗದ ತೂಕವನ್ನು ವಿಚಾರಿಸಿದಂತೆ.

ಇನ್ನು ಬಣ್ಣದ ಮಾತು. ಅನರ್ಥವೆಲ್ಲ ಇಲ್ಲಿಯೇ ಇದೆ. ಬಿಳಿಯ ಎಲ್.ಇ.ಡಿ. ಸಾಮಾನ್ಯವಾಗಿ ಹುಟ್ಟಿನಲ್ಲಿ ನೀಲಿ. ಅದರ ಮೇಲಿನ ರಾಸಾಯನಿಕ ಲೇಪವು ನೀಲಿಯ ಒಂದಂಶವನ್ನು ಹಳದಿಯಾಗಿ ಮಾರ್ಪಡಿಸುವುದರಿಂದ ನಮಗೆ ಬಿಳುಪು ತೋರುತ್ತದೆ. ಅಗ್ಗದ ದೀಪದಲ್ಲಿ ಕೆಂಪಿನ ಅಂಶವು ಬಡವಾಗಿರುತ್ತದೆ. ವ್ಯಾಪಾರಿಯು ‘ಸಿ.ಆರ್.ಐ. 80’ ಎಂದು ಹೊಗಳಿದರೆ ಮರುಳಾಗಬಾರದು. ಆ ಅಂಕಿಯು ಎಂಟು ತೆಳುವರ್ಣಗಳ ಸರಾಸರಿ. ಗಾಢವಾದ ಕೆಂಪು, ಅಂದರೆ ಆರ್. 9 ಎಂಬುದು, ಆ ಲೆಕ್ಕಕ್ಕೆ ಸೇರಿಯೇ ಇಲ್ಲ. ಆದುದರಿಂದ 80 ಅಂಕದ ದೀಪವೂ ಕೆಂಪಿನ ಪರೀಕ್ಷೆಯಲ್ಲಿ ಶೂನ್ಯದ ಸಮೀಪಕ್ಕೆ ಇಳಿದೀತು. ನಮ್ಮ ಯಕ್ಷಗಾನದ ಪ್ರಾಣವಾದರೋ ಕೆಂಪು, ಕಪ್ಪು, ಹೊನ್ನು. ಇಂಗಳೀಕದ ಕೆಂಪು ಇಂಥ ದೀಪದ ಕೆಳಗೆ ಒಣಗಿದ ಇಟ್ಟಿಗೆಯಂತಾಗುತ್ತದೆ. ವೀರನ ಮುಖದಲ್ಲಿ ರೋಗಿಯ ಕಳೆ ಮೂಡುತ್ತದೆ. ಬಣ್ಣಗಾರಿಕೆಯಲ್ಲಿ ಗಂಟೆಗಟ್ಟಲೆ ಕುಳಿತ ವೇಷಧಾರಿಯ ಶ್ರಮವನ್ನು ಒಂದು ಗುಂಡಿಯನ್ನೊತ್ತಿ ಕೆಡಿಸುವ ಅಧಿಕಾರವನ್ನು ಸಮಿತಿಗೆ ಕೊಟ್ಟವರಾರು?

ಬೆಳಕಿನ ದಿಕ್ಕೂ ವಿಚಾರಣೀಯ. ಎದುರಿನಿಂದ ನೇರವಾಗಿ ಸುರಿದ ಬೆಳಕು ನೆರಳನ್ನು ನುಂಗಿ, ಬಣ್ಣದ ವೇಷದ ಚುಟ್ಟಿಯ ಉಬ್ಬುತಗ್ಗುಗಳನ್ನು ಸಪಾಟು ಮಾಡಿಬಿಡುತ್ತದೆ. ಅಮೆರಿಕದ ಸ್ಟಾನ್ಲಿ ಮೆಕ್ಯಾಂಡ್ಲೆಸ್ ಎಂಬಾತನು 1932ರಲ್ಲಿಯೇ, ನಟನಿಗೆ ಎರಡು ಪಕ್ಕಗಳಿಂದ ಸುಮಾರು 45 ಡಿಗ್ರಿಯ ಕೋನದಲ್ಲಿ ಬೆಳಕು ಬೀಳಬೇಕೆಂದು ವಿಧಿಸಿದನು. ಎರಡು ಸಾಧಾರಣ ದೀಪಗಳಿಂದ ಸಾಧ್ಯವಾಗುವ ಈ ಗುಣವು ಒಂದು ಮಹಾದೀಪದಿಂದ ಸಾಧ್ಯವಾಗದು.

ದೀಪವನ್ನು ತಗ್ಗಿಸುವಾಗ ಅದು ಜಾರುವಂತೆ ಇಳಿಯಬೇಕು, ಮೆಟ್ಟಲಿಳಿದಂತೆ ಕುಪ್ಪಳಿಸಬಾರದು. ಮತ್ತೊಂದು ದೋಷ: ಶಕ್ತಿ ಹೆಚ್ಚಿದಷ್ಟೂ ಕಾವು ಹೆಚ್ಚಿ, ಅದನ್ನಾರಿಸುವ ಪಂಖದ ಸದ್ದೂ ಹೆಚ್ಚಬಹುದು. ಚೆಂಡೆಯ ಮುಂದೆ ಅದು ಕೇಳಿಸದಿರಬಹುದು. ಗದ್ಯನಾಟಕದ ಮೌನದಲ್ಲಿ ಅದು ಅಪಸ್ವರವೇ.

ಇಲ್ಲಿ ಎರಡು ಪೂರ್ವಪಕ್ಷಗಳುಂಟು. ದೊಂದಿಯ ಬೆಳಕೇ ಶುದ್ಧ, ಉಳಿದುದೆಲ್ಲ ಅಶಾಸ್ತ್ರೀಯವೆಂಬುದು ಒಂದು. ನಮ್ಮ ಆಟವು ದೊಂದಿಯಿಂದ ಗ್ಯಾಸ್‌ಲೈಟಿಗೂ, ಅಲ್ಲಿಂದ ವಿದ್ಯುದ್ದೀಪಕ್ಕೂ ಬಂದು ಬದುಕಿದೆ, ಎಲ್.ಇ.ಡಿ.ಯಿಂದ ಸಾಯದು. ಅದರಲ್ಲಿ ವಿದ್ಯುತ್ತಿನ ಉಳಿತಾಯವುಂಟು, ನಟನಿಗೆ ಬಿಸಿಲಿನಂಥ ಬೇಗೆಯಿಲ್ಲ. ನನ್ನ ವಿರೋಧವು ದೀಪದ ಮೇಲಲ್ಲ, ಅವಿವೇಕದ ಮೇಲೆ. ಒಳ್ಳೆಯ ದೀಪಕ್ಕೆ ಹಣ ಹೆಚ್ಚೆಂಬುದು ಇನ್ನೊಂದು. ಹತ್ತು ಕೆಟ್ಟ ದೀಪಗಳ ಬದಲು ನಾಲ್ಕು ಒಳ್ಳೆಯವನ್ನು ಕೊಳ್ಳಿರೆಂಬುದೇ ಇದಕ್ಕುತ್ತರ. ಊರವರ ಚಂದಾಹಣದಲ್ಲಿ ಕೊಂಡುದು ವರ್ಷಗಟ್ಟಲೆ ನೇತಾಡತಕ್ಕುದು.

ಆದಕಾರಣ ಸಮಿತಿಗಳವರಲ್ಲಿ ನನ್ನ ಬಿನ್ನಹವಿಷ್ಟೆ. ಸಿ.ಆರ್.ಐ. 90ಕ್ಕೆ ಕಡಮೆಯಿಲ್ಲದ, ಆರ್. 9 ಅಂಕವನ್ನು ಬರೆದುಕೊಟ್ಟ ದೀಪವನ್ನಷ್ಟೇ ಪರಿಶೀಲಿಸಿರಿ. ಕೊಳ್ಳುವ ಮುನ್ನ ಒಂದು ರಾತ್ರಿಯ ಮಟ್ಟಿಗೆ ತರಿಸಿ, ವೇಷ ಕಟ್ಟಿದ ಕಲಾವಿದನನ್ನು ಅದರ ಕೆಳಗೆ ನಿಲ್ಲಿಸಿ, ಕಡೆಯ ಸಾಲಿನಲ್ಲಿ ಕುಳಿತು ನೋಡಿರಿ. ಮುಖವು ಕಂಡರೆ ಕೊಳ್ಳಿರಿ. ದೀಪವಷ್ಟೇ ಕಂಡರೆ ಹಿಂದಕ್ಕೆ ಕಳುಹಿಸಿರಿ.