ಮನೆ ಬಿಟ್ಟವರ ಬೀಗದ ಕೈ

ಬೆಂಗಳೂರಿನಲ್ಲಿ ಬಾಡಿಗೆಯ ಮನೆಯೊಂದು ತೆರವಾಯಿತೆಂದರೆ, ಮುಂದಿನವರು ಬರುವುದರೊಳಗೆ ಅದಕ್ಕೆ ನಡೆಯಬೇಕಾದ ಸಂಸ್ಕಾರಗಳು ಒಂದೆರಡಲ್ಲ. ಹೋದವರು ಕ್ಯಾಲೆಂಡರಿಗೆಂದು ಹೊಡೆದ ಮೊಳೆಯ ತೂತುಗಳನ್ನು ಮುಚ್ಚಿಸಿ, ಅವರ ಅಡ್ವಾನ್ಸಿನಲ್ಲಿ ಹಿಡಿದುಕೊಂಡ ಒಂದು ತಿಂಗಳ ಬಾಡಿಗೆಯಿಂದಲೇ ಗೋಡೆಗಳಿಗೆ ಬಣ್ಣ ಬಳಿಸಿ, ತೊಟ್ಟಿಕ್ಕುವ ನಲ್ಲಿಗೆ ವಾಷರು ಹಾಕಿಸಿ, ಗೇಟಿಗೆ ‘ಬಾಡಿಗೆಗಿದೆ’ ಎಂಬ ಹಲಗೆಯನ್ನು ತೂಗಿಬಿಟ್ಟ ಮೇಲೆ ಮಾಲೀಕರಿಗೆ ತಮ್ಮ ಕರ್ತವ್ಯವು ಸಾಂಗವಾಗಿ ನೆರವೇರಿತೆಂಬ ಸಮಾಧಾನವುಂಟಾಗುತ್ತದೆ. ಹೊಸಬರು ಒಳ್ಳೆಯ ದಿನ ನೋಡಿ ಬಂದು ಹಾಲುಕ್ಕಿಸುತ್ತಾರೆ. ಆಗ ಅವರಿಗೆ ದೊರೆಯುವ ಬೀಗದ ಕೈ ಬಹುಪಾಲು ಮನೆಗಳಲ್ಲಿ ಹೋದವರ ಬಳಿಯಿದ್ದುದೇ. ಅದಕ್ಕೂ ಹಿಂದಿನವರ ಬಳಿಯಿದ್ದುದೂ ಅದೇ.

ಹೋದವರು ತಮಗೆ ಕೊಟ್ಟಿದ್ದ ಎರಡು ಕೈಗಳನ್ನೂ ಪ್ರಾಮಾಣಿಕವಾಗಿ ಒಪ್ಪಿಸಿಯೇ ಹೋಗಿರಬಹುದು. ಆದರೆ ಅವರು ಮನೆಯಲ್ಲಿಲ್ಲದ ವೇಳೆಯಲ್ಲಿ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದಾಕೆಗೆ, ಪರೀಕ್ಷೆಗೆಂದು ಬಂದು ಮೂರು ತಿಂಗಳು ತಂಗಿದ್ದ ಭಾವಮೈದುನನಿಗೆ, ಊರಿಗೆ ಹೋದಾಗ ಗಿಡಗಳಿಗೆ ನೀರೆರೆಯುತ್ತಿದ್ದ ನೆರೆಯವರಿಗೆ ಎಂದು ರಸ್ತೆಯ ಬದಿಯಲ್ಲಿ ಕೊಡೆ ಬಿಡಿಸಿ ಕುಳಿತವನಿಂದ ಮಾಡಿಸಿದ ನಕಲುಗಳು ಎಷ್ಟು, ಈಗ ಅವು ಯಾವ ಯಾವ ಮೊಳೆಗೆ ತೂಗಾಡುತ್ತಿವೆ ಎಂಬುದನ್ನು ಅವರೂ ಬಲ್ಲವರಲ್ಲ. ಒಪ್ಪಿಸಿದ ಲೋಹಕ್ಕೆ ಲೆಕ್ಕವುಂಟು, ಅದರ ಆಕೃತಿಗೆ ಲೆಕ್ಕವಿಲ್ಲ.

ಹಳೆಯ ವಠಾರಗಳಲ್ಲಿ ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗಿರಲಿಲ್ಲ. ಹಗಲೆಲ್ಲ ತೆರೆದೇ ಇರುತ್ತಿದ್ದ ಬಾಗಿಲಿಗೆ ರಾತ್ರಿ ಒಳಗಿನಿಂದ ಅಗುಳಿ ಬೀಳುತ್ತಿತ್ತು; ಹೊರಗಿನ ಬೀಗಕ್ಕೆ ಮದುವೆಯೋ ತೀರ್ಥಯಾತ್ರೆಯೋ ಒದಗಿಬರಬೇಕಾಗಿತ್ತು; ಅಪರಿಚಿತನೊಬ್ಬ ಅಂಗಳಕ್ಕೆ ಕಾಲಿಟ್ಟರೆ ‘ಯಾರು ಬೇಕಾಗಿತ್ತು?’ ಎಂದು ಕೇಳುವ ಅಜ್ಜಿಯೊಬ್ಬಳು ಯಾವುದಾದರೊಂದು ಹೊಸ್ತಿಲ ಮೇಲೆ ಇದ್ದೇ ಇರುತ್ತಿದ್ದಳು. ಇಂದು ದಂಪತಿಗಳಿಬ್ಬರೂ ಬೆಳಗ್ಗೆ ಹೊರಟು ಇರುಳಿಗೆ ಮರಳುವ ಮಹಡಿಯ ಮನೆಗಳಲ್ಲಿ ಪಕ್ಕದ ಬಾಗಿಲಿನವರ ಮುಖಪರಿಚಯವೇ ಇರುವುದಿಲ್ಲ. ಬೀಗ ಒಡೆಯುವವನು ಸದ್ದು ಮಾಡಿಯಾನು, ಸಿಕ್ಕಿಯೂ ಬಿದ್ದಾನು. ಕೈಯಿಟ್ಟು ತಿರುಗಿಸಿ ನಿರಾತಂಕವಾಗಿ ಒಳಹೊಕ್ಕವನನ್ನು ನೋಡಿದವರು ಮನೆಯ ಯಜಮಾನನೆಂದೇ ಭಾವಿಸುತ್ತಾರೆ.

ಪರಿಹಾರವೇನು ದುಸ್ಸಾಧ್ಯವಲ್ಲ. ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಪರಿಷ್ಕರಿಸಿದ ಬೀಗದ ಕ್ರಮವೇ ಈಗಲೂ ನಮ್ಮ ಅನೇಕ ಬಾಗಿಲುಗಳಲ್ಲಿದೆ: ಉರುಳೆಯೊಂದರೊಳಗೆ ಬೇರೆ ಬೇರೆ ಉದ್ದದ ಪುಟ್ಟ ಪಿನ್ನುಗಳು, ಬೀಗದ ಕೈಯ ಹಲ್ಲುಗಳು ಅವನ್ನೆಲ್ಲ ಒಂದೇ ರೇಖೆಗೆ ತಂದಾಗ ಮಾತ್ರ ಉರುಳೆ ತಿರುಗುತ್ತದೆ. ಬಾಗಿಲ ದಪ್ಪದೊಳಗೆ ಕೂರುವ ಈಗಿನ ಬೀಗಗಳಲ್ಲಿ ಅಂಚಿನ ಒಂದು ಸ್ಕ್ರೂ ಬಿಚ್ಚಿ, ಬೀಗದ ಕೈಯನ್ನು ತುಸು ತಿರುಗಿಸಿ ಹಿಡಿದು ಎಳೆದರೆ ಈ ಉರುಳೆಯುಳ್ಳ ಸಿಲಿಂಡರಷ್ಟೇ ಹೊರಬರುತ್ತದೆ. ಹಿಡಿ, ಚಿಲಕ, ತಗಡುಗಳೆಲ್ಲ ಇದ್ದಲ್ಲಿಯೇ ಇರಲು, ಅದೇ ಅಳತೆಯ ಬೇರೊಂದನ್ನು ಕೂರಿಸಿದರಾಯಿತು. ನಾಲ್ಕಾರು ಮನೆಗಳುಳ್ಳವರು ಒಂದು ಸಿಲಿಂಡರನ್ನು ಹೆಚ್ಚಾಗಿ ಇಟ್ಟುಕೊಂಡು, ತೆರವಾದಾಗಲೆಲ್ಲ ಮನೆಯಿಂದ ಮನೆಗೆ ಅದಲುಬದಲು ಮಾಡುತ್ತ ಬಂದರೆ ಖರ್ಚೇ ಇಲ್ಲವೆನ್ನಬಹುದು.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಬಾಡಿಗೆದಾರರು ಬದಲಾದ ಏಳು ದಿನಗಳೊಳಗೆ ಹಳೆಯ ಕೈಗಳು ತಿರುಗದಂತೆ ಬೀಗವನ್ನು ಮಾರ್ಪಡಿಸಬೇಕೆಂದೂ ವೆಚ್ಚವು ಮಾಲೀಕನದೇ ಎಂದೂ ಶಾಸನವಿದೆ. ನಮ್ಮ ಕೇಂದ್ರ ಸರ್ಕಾರವು ರಾಜ್ಯಗಳ ಮುಂದಿಟ್ಟ 2021ರ ಮಾದರಿ ಬಾಡಿಗೆ ಕಾಯಿದೆಯು ದುರಸ್ತಿಗಳನ್ನು ಹಂಚುವಾಗ ಸುಣ್ಣಬಣ್ಣವನ್ನು ಮಾಲೀಕರ ಪಾಲಿಗೂ, ಬಾಗಿಲ ಹಿಡಿ ಮತ್ತು ಬೀಗಗಳನ್ನು ಬಾಡಿಗೆದಾರರ ಪಾಲಿಗೂ ಇಟ್ಟಿದೆ. ಅಲ್ಲಿನ ಮಾತು ಸವೆದು ಕೆಟ್ಟ ಬೀಗವನ್ನು ಕುರಿತದ್ದೆಂಬುದು ದಿಟ. ಆದರೂ ವಿನೋದವನ್ನು ನೋಡಿ: ಮಾಲೀಕರದೆಂದು ಮಾದರಿ ಹೇಳಿದ ಬಣ್ಣವನ್ನು ರೂಢಿಯು ಬಾಡಿಗೆದಾರನ ತಲೆಗೆ ಕಟ್ಟಿದೆ, ಬೀಗವನ್ನೋ ರೂಢಿಯು ಯಾರಿಗೂ ಕಟ್ಟದೆ ಬಿಟ್ಟಿದೆ. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸನ್ನು ಬಡ್ಡಿಯಿಲ್ಲದೆ ಇಟ್ಟುಕೊಳ್ಳುವ ಊರಿನಲ್ಲಿ ಒಂದು ಸಿಲಿಂಡರಿನ ಬೆಲೆಗೆ ಮಾಲೀಕರು ಹಿಂಜರಿಯುವುದು ಶೋಭಿಸದು.

‘ಹೋದವರು ತೀರ ಮರ್ಯಾದಸ್ಥರು, ಬೀಗ ಬದಲಾಯಿಸಿದರೆ ಅವರನ್ನು ಶಂಕಿಸಿದಂತಾಗುವುದಿಲ್ಲವೆ?’ ಎಂದು ಕೇಳುವವರುಂಟು. ನನಗಂತೂ ಇದಕ್ಕೆ ವಿಪರೀತವೇ ಸರಿಯೆನಿಸುತ್ತದೆ. ಹೊಸಬರ ಬೀರುವಿನಿಂದ ಒಂದು ಜೊತೆ ಬಳೆ ಕಾಣದಾಯಿತೆನ್ನಿ. ಬಾಗಿಲು ಮುರಿದಿಲ್ಲ, ಕಿಟಕಿ ಬಾಗಿಲ್ಲ. ಸಂಶಯವು ಮೊದಲು ಮನೆಗೆಲಸದವಳ ಮೇಲೆ ಎರಗಿ, ಅಲ್ಲಿಂದ ನೇರವಾಗಿ ಮಾರತಹಳ್ಳಿಗೋ ಮೈಸೂರಿಗೋ ಹೋಗಿ ನೆಲೆಸಿರುವ ಆ ಮರ್ಯಾದಸ್ಥರನ್ನೇ ಅರಸುತ್ತ ಹೊರಡುತ್ತದೆ. ತಾನು ಬಿಟ್ಟುಬಂದ ಮನೆಯ ಬೀಗ ಬದಲಾಗಿದೆಯೆಂದು ತಿಳಿದವನು ಪೊಲೀಸರ ಪ್ರಶ್ನೆಗೂ ನೆರೆಯವರ ಪಿಸುಮಾತಿಗೂ ಅತೀತನಾಗುತ್ತಾನೆ. ಮನೆ ಬಿಡುವವರೇ ಇದನ್ನು ಕೇಳಿ ಮಾಡಿಸಬೇಕು.

ಇನ್ನುಳಿದದ್ದು ಮಾಲೀಕರು ‘ಹೊತ್ತಿಗಿರಲಿ’ ಎಂದು ತಮ್ಮಲ್ಲೇ ಇರಿಸಿಕೊಳ್ಳುವ ಮೂರನೆಯ ಕೈ. ಬಾಡಿಗೆ ಸಲ್ಲಿಸುವವನಿಗೆ ಅಡೆತಡೆಯಿಲ್ಲದ ಸ್ವಾಧೀನವುಂಟೆಂಬುದನ್ನು 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಹೇಳಿದೆ. ಒಳಬರಬೇಕಾದರೆ ಇಪ್ಪತ್ತನಾಲ್ಕು ಗಂಟೆ ಮುಂಚಿತವಾಗಿ ತಿಳಿಸಬೇಕೆಂದೂ, ಸೂರ್ಯೋದಯಕ್ಕೆ ಮುನ್ನ ಅಥವಾ ಸೂರ್ಯಾಸ್ತದ ಅನಂತರ ಬರಕೂಡದೆಂದೂ ಮೇಲಿನ ಮಾದರಿ ಕಾಯಿದೆ ವಿಧಿಸುತ್ತದೆ. ಮಹಡಿಯಲ್ಲಿ ನಲ್ಲಿ ಒಡೆದು ನೀರು ಸುರಿಯುವಾಗ ಮಾಲೀಕರ ಬಳಿಯೊಂದು ಕೈ ಇರುವುದು ಉಪಕಾರವೇ. ಹಾಗಿದ್ದರೆ ಅದನ್ನು ಲಕೋಟೆಯಲ್ಲಿ ಅಂಟಿಸಿ, ಅಂಟಿನ ಮೇಲೆ ಬಾಡಿಗೆದಾರನ ರುಜು ಹಾಕಿಸಿ ಇಟ್ಟುಕೊಳ್ಳಲಿ. ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಫ್ಯಾನು, ಟ್ಯೂಬ್‌ಲೈಟು, ಗೀಸರುಗಳ ಪಟ್ಟಿಯ ಕೆಳಗೆ ಇದಕ್ಕೂ ಒಂದು ಸಾಲು ಹಿಡಿಸುತ್ತದೆ.